ನೀರು ಬಿದ್ದರೆ ಮರಳುವ ಕೆಂಪು: ಹಳೆ ಕಾರಿಗೆ ಮ್ಯಾಟ್ ಹೊದಿಕೆ

ನಮ್ಮ ಮನೆಯ ಕೆಂಪು ಮಾರುತಿ 800 ಹಲವು ಬೇಸಿಗೆಗಳನ್ನು ಬಯಲಲ್ಲೇ ಕಳೆದಿದೆ. ಬಾನೆಟ್ಟೂ ಟಾಪೂ ಬಿಸಿಲಿಗೆ ಬೆಂದು, ಸುಣ್ಣ ಸವರಿದಂಥ ಮಂಕು ಗುಲಾಬಿಗೆ ತಿರುಗಿವೆ. ಒಂದು ಬಕೆಟ್ ನೀರು ಸುರಿದರೆ ಸಾಕು, ಹಳೆಯ ಕೆಂಪು ಎದ್ದು ಬರುತ್ತದೆ. ಆರಿದ ಮೇಲೆ ಮತ್ತೆ ಅದೇ ಮಂಕು. ಹೊಳೆಯಲ್ಲಿ ಬಣ್ಣಬಣ್ಣವಾಗಿ ಕಂಡ ಕಲ್ಲನ್ನು ಆಸೆಯಿಂದ ಮನೆಗೆ ತಂದ ಮಕ್ಕಳಿಗೂ ಹೀಗೇ ಆಗುತ್ತದೆ. ಜೇಬಿನಿಂದ ಹೊರಬರುವಷ್ಟರಲ್ಲಿ ಅದು ಬರೀ ಬೂದು ಕಲ್ಲು.

ಈ ಕಾರಿಗೆ ಮನೆಯಲ್ಲೇ ಮ್ಯಾಟ್, ಅಂದರೆ ಕನ್ನಡಿಯಂತೆ ಮಿಂಚದ, ಹೊದಿಕೆ ಕೊಡಬೇಕೆಂದು ಹೊರಟಾಗ ಮೊದಲು ಅರ್ಥವಾಗಬೇಕಾಗಿದ್ದು ಆ ಬಕೆಟ್ ನೀರಿನ ಗುಟ್ಟು.

ಪೇಂಟಿನ ಮೇಲ್ಪದರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.5. ಅದರ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ 4ರಷ್ಟು ಒಳಗಿಳಿಯದೆ ಮೇಲಿನಿಂದಲೇ ಹಿಂದಿರುಗುತ್ತದೆ. ಈ ಪಾಲಿಗೆ ಪೇಂಟಿನ ಬಣ್ಣ ಹತ್ತಿರುವುದಿಲ್ಲ, ಅದು ಬಿಸಿಲಿನಷ್ಟೇ ಬಿಳಿ. ಉಳಿದದ್ದರಲ್ಲಿ ಒಂದಷ್ಟು ಮಾತ್ರ ಬಣ್ಣದ ಕಣಗಳನ್ನು ತಾಕಿ ಕೆಂಪಾಗಿ ಹೊರಬರುತ್ತದೆ. ಮೇಲ್ಮೈ ನುಣುಪಾಗಿದ್ದರೆ ಆ ಬಿಳಿ ಪಾಲು ಕನ್ನಡಿಯಲ್ಲಿ ಆದಂತೆ ಒಂದೇ ದಿಕ್ಕಿಗೆ ಹಾಯುತ್ತದೆ. ನಾವು ಹೊಳಪು ಅನ್ನುವುದು ಅದನ್ನೇ. ಸ್ವಲ್ಪ ಪಕ್ಕಕ್ಕೆ ಸರಿದು ನಿಂತರೆ ಅಪ್ಪಟ ಕೆಂಪು. ಮೇಲ್ಮೈ ಒರಟಾದರೆ ಅದೇ ಶೇ 4 ಸುತ್ತಲೂ ಚೆದುರಿ, ಎಲ್ಲಿ ನಿಂತು ನೋಡಿದರೂ ಕೆಂಪಿನೊಂದಿಗೆ ಬೆರೆತು ಕಣ್ಣಿಗೆ ಬೀಳುತ್ತದೆ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಫಲಕದಲ್ಲಿ ಕೆತ್ತಿದ ಅಕ್ಷರಗಳು ಬಣ್ಣ ತುಂಬದಿದ್ದರೂ ಬೆಳ್ಳಗೆ ಕಾಣುವುದು ಇದರಿಂದಲೇ. ಕಲ್ಲು ಒಂದೇ, ಉಳಿ ತಾಗಿದಲ್ಲಿ ಬೆಳಕು ಚೆದುರುತ್ತದೆ. ನೀರು ಮಾಡುವುದು ಇಷ್ಟೇ: ಒರಟಿನ ತಗ್ಗುಗಳನ್ನು ತುಂಬಿ, ತನ್ನದೇ ನುಣುಪು ಮೇಲ್ಮೈಯನ್ನು ಹಾಸುತ್ತದೆ.

ಅಂದರೆ ಮ್ಯಾಟ್ ಎಂದರೆ ಬೆಳಕನ್ನು ನುಂಗುವ ಬಣ್ಣವಲ್ಲ. ಹೊಳಪು ಅಲ್ಲೇ ಇದೆ, ಎಲ್ಲ ಕಡೆಗೂ ಹಂಚಿಹೋಗಿದೆ. ಅದಕ್ಕೇ ಮ್ಯಾಟ್ ಕಪ್ಪು ಯಾವಾಗಲೂ ಕೊಂಚ ಬೂದು.

ಹಾಗಾದರೆ ಬಿಸಿಲೇ ನಮ್ಮ ಕಾರನ್ನು ಪುಕ್ಕಟೆಯಾಗಿ ಮ್ಯಾಟ್ ಮಾಡಿಕೊಟ್ಟಿತಲ್ಲವೇ? ಇಲ್ಲ. ಮಂಕಾಗುವುದು ಬೇರೆ, ಮ್ಯಾಟ್ ಬೇರೆ. ಬಣ್ಣದ ಕಣಗಳನ್ನು ಹಿಡಿದಿಡುವ ರಾಳವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಮುರಿಯುತ್ತವೆ. ಹಿಡಿತ ತಪ್ಪಿದ ಕಣಗಳು ಪುಡಿಯಾಗಿ ನಿಲ್ಲುತ್ತವೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಟ್ಟೆ ಕೆಂಪಾಗುತ್ತದೆ. ಇದು ಸಾಯುತ್ತಿರುವ ಪದರ. ಒಳ್ಳೆಯ ಮ್ಯಾಟ್ ಹೊದಿಕೆಯಲ್ಲಿ ಒರಟು ಇರುವುದು ನೆತ್ತಿಯ ಮೇಲೆ ಮಾತ್ರ, ಕೆಳಗೆ ರಾಳ ಬಿರುಕಿಲ್ಲದೆ ಗಟ್ಟಿಯಾಗಿರುತ್ತದೆ. ಹೊಳೆಯುವ ಕಾರನ್ನು ಬರೀ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ ಮ್ಯಾಟ್ ಮಾಡಿದೆ ಅನ್ನುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 2000 ನಂಬರಿನ ಕಾಗದದಲ್ಲೂ ಸುಮಾರು 10 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹರಳುಗಳಿರುತ್ತವೆ. ಬಣ್ಣದ ಮೇಲೆ ಕಾರ್ಖಾನೆ ಹೊದಿಸುವ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರುವುದೇ 40–50 ಮೈಕ್ರಾನ್, ಒಂದು ತಲೆಗೂದಲಿಗಿಂತ ತೆಳು. ಬಿಸಿಲನ್ನು ತಡೆಯುವ ಆ ಪದರವನ್ನೇ ಕೆರೆದು ತೆಗೆದಂತಾಯಿತು.

ಮ್ಯಾಟ್ ಕ್ಲಿಯರ್‌ನ ಡಬ್ಬದಲ್ಲಿ ರಾಳ, ದ್ರಾವಕದ ಜೊತೆ ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳಿರುತ್ತವೆ. ಸಿಂಪಡಿಸಿದ ಕೂಡಲೇ ಪದರ ಒದ್ದೆಯಾಗಿ ಫಳಫಳಿಸುತ್ತದೆ. ದ್ರಾವಕ ಆರುತ್ತಾ ಪದರ ಕುಗ್ಗಿದಂತೆ, ಕೆರೆ ಬತ್ತುವಾಗ ಬಂಡೆಗಳು ತಲೆ ಎತ್ತುವ ಹಾಗೆ ಕಣಗಳ ಉಬ್ಬುಗಳು ಮೇಲೇಳುತ್ತವೆ. ಹೊಳಪು ಕಣ್ಣೆದುರೇ ಇಂಗುತ್ತದೆ. ಕೆಲಸದ ಎಲ್ಲ ಎಚ್ಚರವೂ ಇಲ್ಲಿಂದಲೇ ಹುಟ್ಟುತ್ತದೆ. ಡಬ್ಬ ಚೆನ್ನಾಗಿ ಅಲ್ಲಾಡಿಸದಿದ್ದರೆ ಸಿಲಿಕಾ ತಳದಲ್ಲೇ ಕೂರುತ್ತದೆ. ನನ್ನ ಮೊದಲ ಬಾಗಿಲು ಹಾಗೇ ಹಾಳಾಯಿತು, ಮುಂದಿನ ಅರ್ಧ ಮಿಂಚು, ಹಿಂದಿನ ಅರ್ಧ ಸುಣ್ಣ. ದಪ್ಪಗೆ ಬಳಿದರೆ ಕಣಗಳು ಮುಳುಗಿ ಹೊಳೆಯುವ ಕಲೆ ಬೀಳುತ್ತದೆ. ಆದ್ದರಿಂದ ಒಂದು ಅಡಿಗಿಂತ ಕಡಿಮೆ ದೂರದಿಂದ, ಕೈ ನಿಲ್ಲಿಸದೆ, ಒಂದು ಗೆರೆ ಹಿಂದಿನದರ ಅರ್ಧವನ್ನು ಮುಚ್ಚುವಂತೆ ತೆಳುವಾಗಿ ಹೊಡೆಯಬೇಕು. ಬಾನೆಟ್ ಹಿಡಿದರೆ ಬಾನೆಟ್ ಮುಗಿಸಿಯೇ ನಿಲ್ಲಬೇಕು. ಮಳೆಗಾಲದ ತೇವದ ದಿನ ಬೇಡ: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಾವಿ ಅದರ ಮೇಲೆ ಇಬ್ಬನಿಯಾಗಿ ಕೂತು ಹಾಲಿನಂಥ ಮಬ್ಬು ಬರುತ್ತದೆ.

ಆದರೆ ಕೆಲಸದ ಬಹುಪಾಲು ಸಿಂಪಡಿಸುವ ಮೊದಲೇ ಮುಗಿದಿರಬೇಕು. ಪುಡಿಯಾದ ಪದರವನ್ನು ಗಟ್ಟಿ ಬಣ್ಣ ಸಿಗುವವರೆಗೆ ನೀರು ಹಾಕಿ ಉಜ್ಜಬೇಕು, ತುಕ್ಕನ್ನು ಕೆರೆದು ಕಬ್ಬಿಣ ಕಂಡಲ್ಲಿ ಪ್ರೈಮರ್, ತಗ್ಗಿಗೆ ಪುಟ್ಟಿ, ಆಮೇಲೆ ಬಣ್ಣ, ಕೊನೆಗೆ ಮ್ಯಾಟ್ ಕ್ಲಿಯರ್. ಹೊಸ ದ್ರಾವಕ ಹಳೆ ಬಣ್ಣವನ್ನು ಸುಕ್ಕುಗಟ್ಟಿಸಬಹುದು, ಹಾಗಾಗಿ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ.

ಒಂದು ವಿಷಯದಲ್ಲಿ ರಾಜಿ ಬೇಡ. ಗಟ್ಟಿಗೊಳಿಸುವ ದ್ರವ ಅಂದರೆ ಹಾರ್ಡನರ್ ಬೆರೆಸುವ, ಅಂಗಡಿಯಲ್ಲಿ 2ಕೆ ಎನ್ನುವ ಕ್ಲಿಯರ್‌ಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಸೂಕ್ಷ್ಮ ಹನಿ ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಕೆರಳಿದರೆ ಆಮೇಲೆ ಅತಿ ಸ್ವಲ್ಪವೂ ತಾಳದು. ಕರವಸ್ತ್ರ ಅಥವಾ ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಅಲ್ಲ. ಮನೆಯಲ್ಲಿ ಮಾಡುವವರು ಹಾರ್ಡನರ್ ಇಲ್ಲದ ಸ್ಪ್ರೇ ಡಬ್ಬಗಳಿಗೇ ನಿಲ್ಲಲಿ, ಅದನ್ನೂ ಬಯಲಲ್ಲಿ, ಇಂಗಾಲದ ಫಿಲ್ಟರ್ ಇರುವ ಮಾಸ್ಕ್ ತೊಟ್ಟು ಹೊಡೆಯಲಿ. ಅದು 2ಕೆಯಷ್ಟು ಬಾಳಿಕೆ ಬಾರದು. ಶ್ವಾಸಕೋಶದ ಎದುರು ಅದು ದೊಡ್ಡ ನಷ್ಟವಲ್ಲ.

ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲಿ ನಮೂದಾದ ಬಣ್ಣವನ್ನೂ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕು. ಜೀಪಿಗೆ ಮಿಲಿಟರಿ ಹಸಿರಿನ ಆಸೆ ಇದ್ದವರಿಗೆ ಒಂದು ಮಾತು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ.

ಮುಗಿದ ಮೇಲೆ ವ್ಯಾಕ್ಸ್, ಪಾಲಿಶ್ ಎರಡನ್ನೂ ಮರೆಯಬೇಕು. ವ್ಯಾಕ್ಸ್ ತಗ್ಗು ತುಂಬುತ್ತದೆ, ಪಾಲಿಶ್ ಉಬ್ಬು ಸವೆಸುತ್ತದೆ. ಎರಡರಿಂದಲೂ ಅಳಿಸಲಾಗದ ಮಿಂಚು ಕಲೆಗಳು. ಎಣ್ಣೆಗೈಯ ಗುರುತು, ಹಕ್ಕಿ ಹಿಕ್ಕೆ ಕಂಡ ದಿನವೇ ಮೆದು ಸೋಪಿನ ನೀರಿನಲ್ಲಿ ತೊಳೆಯಬೇಕು. ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕಲಾಗದು, ಇಡೀ ಬಾಗಿಲನ್ನೇ ಮತ್ತೆ ಹೊಡೆಯಬೇಕು.

ನಮ್ಮ 800ರ ಬಾನೆಟ್ ಈಗ ಮ್ಯಾಟ್ ಕೆಂಪು. ಮೊನ್ನೆ ಸಂಜೆ, ಸೂರ್ಯ ಇಳಿಯುವ ಹೊತ್ತಿಗೆ, ಹೆಡ್‌ಲೈಟಿನ ಮಟ್ಟಕ್ಕೆ ಕಣ್ಣು ತಂದು ನೋಡಿದೆ. ಬೆಳಕು ಓರೆಯಾಗಿ ಸವರಿಕೊಂಡು ಬಂದಷ್ಟೂ ಅದರ ಲೆಕ್ಕದಲ್ಲಿ ಉಬ್ಬುಗಳು ತಗ್ಗುತ್ತಾ ಹೋಗುತ್ತವೆ. ಆ ಕೋನದಲ್ಲಿ ಇಡೀ ಬಾನೆಟ್ಟಿನ ಮೇಲೆ ಆಕಾಶದ ಕಿತ್ತಳೆ ಹೊಳೆಯುತ್ತಿತ್ತು. ಎದ್ದು ನಿಂತೆ, ಮತ್ತೆ ಕೆಂಪು.