ಆಲೂಗೆಡ್ಡೆ ಗಿಡ ಸುಟ್ಟಿದ್ದು ಮಂಜಲ್ಲ

"ಮಂಜು ಬಿತ್ತು, ಗಿಡ ಎಲ್ಲಾ ಸುಟ್ಟೋಯ್ತು." ಜುಲೈ ತಿಂಗಳಲ್ಲಿ ಹಾಸನದ ಸುತ್ತಮುತ್ತ ಆಲೂಗೆಡ್ಡೆ ಹೊಲದ ಬದುವಿನ ಮೇಲೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ದೃಷ್ಟಿ ತಾಗಿತು ಅನ್ನುವವರೂ ಇದ್ದಾರೆ. ಕೇಳಿದಾಗಲೆಲ್ಲ ನನಗೆ ಸಂಕಟ. ಮಂಜು ಬರೀ ನೀರು. ಗಿಡ ಸುಡುವುದು ಅಂಗಮಾರಿ ರೋಗ. ಅದನ್ನು ತರುವ ಜೀವಿ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್.

ನೋಡಲು ಬೂಸ್ಟಿನಂತಿದ್ದರೂ ಇದು ಕಡಲಿನ ಕಂದು ಪಾಚಿಗಳ ನಂಟ. ನೀರಿನ ಚಾಳಿ ಇನ್ನೂ ಬಿಟ್ಟಿಲ್ಲ. ರೋಗ ಬಿದ್ದ ಎಲೆಯನ್ನು ಬೆಳಗಿನ ಹೊತ್ತು ಮಗುಚಿ ನೋಡಿ. ಕಪ್ಪು ಕಲೆಯ ಅಂಚಿಗೆ ಬಿಳಿ ಪುಡಿ ಕಾಣುತ್ತದೆ. ಅದರಲ್ಲಿರುವುದು ನಿಂಬೆಹಣ್ಣಿನ ಆಕಾರದ ಬೀಜಕೋಶಗಳು. ಗಾಳಿಗೆ ಹಾರಿ ಪಕ್ಕದ ಗಿಡದ ಮೇಲೆ ಕೂರುತ್ತವೆ. ಎಲೆ ಒಣಗಿದ್ದರೆ ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಎಲೆ ಒದ್ದೆಯಾಗಿ, ಹವಾ ತಂಪಾಗಿದ್ದರೆ ಕೋಶ ಒಡೆದು ಬಾಲವಿರುವ ಮರಿಗಳು ಹೊರಬರುತ್ತವೆ, ಗೊದಮೊಟ್ಟೆಗಳಂತೆ ಈಜುತ್ತವೆ. ನಮ್ಮ ಕಣ್ಣಿಗೆ ಎಲೆ ಮೇಲಿನ ಪಸೆ, ಅವಕ್ಕೆ ತುಂಬಿದ ಕೆರೆ. ದಡ ಸಿಕ್ಕಲ್ಲಿ ಎಲೆಯನ್ನು ಕೊರೆದು ಒಳಗೆ ಇಳಿಯುತ್ತವೆ. ನಾಲ್ಕೈದು ದಿನಕ್ಕೆ ಹೊಸ ಬಿಳಿ ಪುಡಿ. ಜಿಟಿಜಿಟಿ ಮಳೆ ವಾರ ಹಿಡಿದರೆ ಹೊಲಕ್ಕೆ ಹೊಲವೇ ಕಪ್ಪು.

ಇದನ್ನು ಮೊಸರಿಗೆ ಹೋಲಿಸಬಹುದು. ಮಂಜು, ಮಳೆ, ತಂಪು ಇವೆಲ್ಲ ಒಲೆ ಪಕ್ಕದ ಬೆಚ್ಚನೆ ಜಾಗ ಇದ್ದಂತೆ. ಹೆಪ್ಪು ಹಾಕದೆ ಹಾಲನ್ನು ಎಷ್ಟು ಬೆಚ್ಚಗಿಟ್ಟರೂ ಮೊಸರಾಗಲ್ಲ, ಅಲ್ವಾ? ಇಲ್ಲಿ ಹೆಪ್ಪು ಅಂದರೆ ಆ ಜೀವಿ.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆ ಕೊಳೆತಾಗಲೂ ಇದೇ ಗೊಂದಲ. ಆಗ ಹೊಸದಾಗಿ ಬಂದ ರೈಲಿನಿಂದ ಹೊರಟ ವಿದ್ಯುತ್ತೇ ಗಿಡ ಕೊಳೆಸಿತು ಎಂದವರಿದ್ದರು. ದೇವರ ಕೋಪ ಎಂದವರಿದ್ದರು. ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ 1846ರಲ್ಲೇ ಆ ಬೂಸ್ಟಿನ ಕಡೆ ಬೆರಳು ತೋರಿಸಿದರು. ಜನ ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬೇರಿ ಪ್ರಯೋಗ ಮಾಡಿ ಸಾಬೀತು ಮಾಡುವಷ್ಟರಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಯಿಂದ ಸತ್ತಾಗಿತ್ತು.

ಹಾಗಾದರೆ ನಮ್ಮ ಹೊಲಕ್ಕೆ ಹೆಪ್ಪು ಎಲ್ಲಿಂದ? ಪಕ್ಕದ ಹೊಲದಿಂದ ಗಾಳಿಯಲ್ಲಿ ಬರಬಹುದು. ಬಿತ್ತನೆ ಗೆಡ್ಡೆಯ ಒಳಗೇ ಕೂತು ಬರಬಹುದು. ಒಮ್ಮೆ ಮೇ ತಿಂಗಳಲ್ಲಿ ಸ್ನೇಹಿತರ ಮನೆ ಜಗಲಿಯಲ್ಲಿ ಕೂತಿದ್ದೆ. ಪಂಜಾಬಿನಿಂದ ಬಂದ ಮೂಟೆ ಬಿಚ್ಚಿ ಮನೆಯವರೆಲ್ಲ ಗೆಡ್ಡೆ ಹೋಳು ಮಾಡುತ್ತಿದ್ದರು. ಒಂದು ಗೆಡ್ಡೆಯ ಒಳಗೆ ತುಕ್ಕಿನ ಬಣ್ಣದ ಕಲೆ. ಅದನ್ನು ಎಸೆದರು. ಆದರೆ ಅದೇ ಚಾಕು ಮುಂದಿನ ಗೆಡ್ಡೆಗೆ ಇಳಿಯಿತು, ಅದರ ಮುಂದಿನದಕ್ಕೂ.

ಜಿಲ್ಲೆಯ ಕೃಷಿ ಅಭಿವೃದ್ಧಿಗೆ ಯೋಜನೆ ಹಾಕುವಾಗ ಔಷಧಿ, ಬೆಲೆ, ಶೀತಲ ಗೃಹದ ಮಾತೇ ಜಾಸ್ತಿ. ನನ್ನ ಪ್ರಕಾರ ಮೊದಲ ಸಾಲಿನಲ್ಲೇ ಬಿತ್ತನೆ ಗೆಡ್ಡೆಯ ಮಾತು ಇರಬೇಕು. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವೇ ಇದೆ. ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ, ರೋಗವಿಲ್ಲದ ಶುದ್ಧ ತಾಯಿಗಿಡದ ಕುಡಿ ಚಿವುಟಿ, ತೆಂಗಿನ ನಾರಿನ ಪುಡಿಯಲ್ಲಿ ಬೇರು ಬರಿಸಿ ಸಸಿ ಮಾಡುವ ವಿಧಾನವೂ ಇದೆ. ಈ ಸಸಿಗಳನ್ನು ಗಿಡದ ರಸ ಹೀರುವ ಸಸ್ಯಹೇನು ನುಗ್ಗದ ಬಲೆಮನೆಯಲ್ಲಿ ಬೆಳೆಸಿ, ಅದರ ಗೆಡ್ಡೆಯನ್ನು ಮಳೆ ಕಮ್ಮಿ ಇರುವ ಹಿಂಗಾರಿನಲ್ಲಿ ಹೆಚ್ಚಿಸಿಕೊಂಡರೆ ಮುಂಗಾರಿಗೆ ಬಿತ್ತನೆ ಊರಲ್ಲೇ ಸಿಗುತ್ತದೆ. ಆಲೂಗೆಡ್ಡೆ ಬೆಳೆಯುವ ಪ್ರತಿ ಹೋಬಳಿಗೂ ಇಂಥದ್ದೊಂದು ಬಲೆಮನೆ ಬೇಕು.

ಅಲ್ಲಿಯವರೆಗೆ ಜಗಲಿಯಲ್ಲಿ ಎರಡು ಚಾಕು ಇಟ್ಟುಕೊಳ್ಳಿ. ಒಂದು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಲ್ಲಿ ನೆನೆಯುತ್ತಿರಲಿ, ಇನ್ನೊಂದರಲ್ಲಿ ಹೋಳು ಮಾಡಿ. ಕಲೆ ಕಂಡ ತಕ್ಷಣ ಚಾಕು ಬದಲಿಸಿ.