ಬಿಸಿ ಚಹಾದ ಒಂದು ಗುಟುಕು

ನೈಜೀರಿಯಾದ ಲೇಖಕಿ ಚಿಮಮಾಂಡಾ ಅಡಿಚಿಯವರ ‘ಪರ್ಪಲ್ ಹೈಬಿಸ್ಕಸ್’ ಕಾದಂಬರಿಯನ್ನು ಹನ್ನೊಂದನೆಯ ತರಗತಿಗೆ ಮೊದಲ ಸಲ ಪಾಠ ಮಾಡಹೊರಟಾಗ ನಾನು ಭೂಪಟ ಹಿಡಿದು ತರಗತಿಗೆ ಹೋಗಿದ್ದೆ. ನೈಜೀರಿಯಾ ಎಲ್ಲಿದೆ, 1960ರಲ್ಲಿ ಸ್ವಾತಂತ್ರ್ಯ ಬಂದದ್ದು, 1967ರಿಂದ 1970ರವರೆಗಿನ ಬಯಾಫ್ರಾ ಅಂತರ್ಯುದ್ಧ, ಒಂದರ ಹಿಂದೊಂದು ಬಂದ ಸೇನಾ ಸರ್ಕಾರಗಳು. ಎರಡು ಪೀರಿಯಡ್ ಇದರಲ್ಲೇ ಕಳೆಯಿತು. ಮೂರನೆಯ ದಿನ ಪುಸ್ತಕ ತೆರೆದ ಮಕ್ಕಳು ಕಾದಂಬರಿ ಓದಲಿಲ್ಲ, ನಾನು ಹೇಳಿದ್ದಕ್ಕೆ ಪುರಾವೆ ಹುಡುಕಿದರು. ಅಪ್ಪ ಮಗಳನ್ನು ಹೊಡೆದರೆ ‘ಆಫ್ರಿಕಾದ ಸಮಸ್ಯೆ’, ನಲ್ಲಿಯಲ್ಲಿ ನೀರು ಬರದಿದ್ದರೆ ‘ಆಫ್ರಿಕಾದ ಬಡತನ’ ಎಂದು ಉತ್ತರಪತ್ರಿಕೆಗಳಲ್ಲಿ ಬರೆದರು. ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕುಡಿದು ಬೆಳೆದ ಮಕ್ಕಳು! ತಪ್ಪು ಅವರದಲ್ಲ. ಆ ಕನ್ನಡಕ ತೊಡಿಸಿದವಳು ನಾನೇ.

ಈಗ ಭೂಪಟ ಬಿಡಿಸುವುದು ನಾಲ್ಕನೆಯ ವಾರದಲ್ಲಿ. ಮೊದಲ ದಿನ ಚಹಾ.

ಕಥೆ ಹೇಳುವ ಕಂಬಿಲಿಗೆ ಹದಿನೈದು ವರ್ಷ. ಎನುಗು ನಗರದ ಸಿರಿವಂತ ಕ್ಯಾಥೊಲಿಕ್ ಮನೆ. ಅಪ್ಪ ಯೂಜೀನ್ ತಾನು ಚಹಾ ಕುಡಿಯುವ ಮೊದಲು ಕಂಬಿಲಿಯನ್ನೂ ಅಣ್ಣ ಜಾಜಾನನ್ನೂ ಕರೆದು ತನ್ನ ಬಟ್ಟಲಿನಿಂದ ಒಂದೊಂದು ಗುಟುಕು ಕೊಡುತ್ತಾನೆ. ಆ ಮನೆಯಲ್ಲಿ ಅದಕ್ಕೆ ‘ಪ್ರೀತಿಯ ಗುಟುಕು’ ಎಂದು ಹೆಸರು. ಚಹಾ ಯಾವಾಗಲೂ ನಾಲಿಗೆ ಸುಡುವಷ್ಟು ಬಿಸಿ. ಸುಟ್ಟಾಗಲೆಲ್ಲ ಅಪ್ಪನ ಪ್ರೀತಿ ತನ್ನೊಳಗೆ ಅಚ್ಚೊತ್ತಿತು ಎಂದು ಹುಡುಗಿ ನಂಬುತ್ತಾಳೆ. ಕೆಲವೇ ಸಾಲುಗಳ ಈ ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ ಒಂದೇ ಪ್ರಶ್ನೆ ಕೇಳುತ್ತೇನೆ: ಇವಳು ದೂರು ಹೇಳುತ್ತಿದ್ದಾಳೆಯೇ?

ತರಗತಿ ಅಲ್ಲೇ ಎರಡು ಹೋಳಾಗುತ್ತದೆ. ದೂರೇ ಅಲ್ಲವೇ ಎನ್ನುವವರು ಕೆಲವರು, ಇಲ್ಲ, ಅವಳು ಹೆಮ್ಮೆಪಡುತ್ತಿದ್ದಾಳೆ ಎನ್ನುವವರು ಕೆಲವರು. ಎರಡನೆಯವರು ಹೇಳುವುದು ಸರಿ ಎಂಬುದು ನನ್ನ ಓದು. ಆದರೆ ಅದನ್ನು ಆ ದಿನ ಹೇಳುವುದಿಲ್ಲ. ಕಾದಂಬರಿಯುದ್ದಕ್ಕೂ ಬಿಸಿನೀರು ಎಲ್ಲೆಲ್ಲಿ ಬರುತ್ತದೆ ಎಂದು ಪುಟದ ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ ಎಂದಷ್ಟೇ ಹೇಳಿ ಕಳುಹಿಸುತ್ತೇನೆ.

ಆ ಗುರುತುಗಳೇ ಮುಂದೆ ಪಾಠವಾಗುತ್ತವೆ. ತಮ್ಮ ಇಗ್ಬೊ ಜನಾಂಗದ ಸಂಪ್ರದಾಯವನ್ನು ಬಿಡದ ಅಜ್ಜನೊಂದಿಗೆ ಒಂದೇ ಸೂರಿನಡಿ ಇದ್ದೂ ತನಗೆ ತಿಳಿಸಲಿಲ್ಲವೆಂದು ಯೂಜೀನ್ ಮಗಳನ್ನು ಸ್ನಾನದ ತೊಟ್ಟಿಯಲ್ಲಿ ನಿಲ್ಲಿಸಿ ಪಾದಗಳ ಮೇಲೆ ಕುದಿಯುವ ನೀರು ಸುರಿಯುತ್ತಾನೆ. ಸುರಿಯುವಾಗ ಅವನ ಕಣ್ಣಿನಿಂದಲೂ ನೀರು ಇಳಿಯುತ್ತಿರುತ್ತದೆ. ಆಮೇಲೊಂದು ದಿನ ತಾನು ಹುಡುಗನಾಗಿದ್ದಾಗ ಮಿಷನ್‌ನ ಪಾದ್ರಿಯೊಬ್ಬರು ತನ್ನ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿಸಿದ್ದನ್ನು ಮಗಳಿಗೆ ಹೇಳುತ್ತಾನೆ, ಅದು ತನ್ನ ಒಳಿತಿಗಾಗಿಯೇ ಆಗಿತ್ತು ಎಂಬ ಧಾಟಿಯಲ್ಲಿ. ಕೊನೆಗೆ, ವರ್ಷಗಟ್ಟಲೆ ಹೊಡೆತ ತಿಂದ ಹೆಂಡತಿ ಬಿಯಾಟ್ರಿಸ್ ವಿಷ ಬೆರೆಸುವುದು ಅದೇ ಚಹಾಕ್ಕೆ. ಈ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನವರೂ ಮೊದಲ ದಿನದ ಪುಟಕ್ಕೆ ಹಾಳೆ ಮಗುಚುವ ಸದ್ದು ಕೇಳಿಸುತ್ತದೆ.

ಹಾಗಾದರೆ ಯೂಜೀನ್ ಖಳನೇ? ಮಕ್ಕಳ ಬಾಯಿಗೆ ಬೇಗ ಬರುವ ಮಾತು ‘ಕಪಟಿ’. ನನಗೆ ಆ ಪದದ ಮೇಲೆ ಸಿಟ್ಟಿದೆ. ಕಪಟಿ ಎಂದರೆ ಒಳಗೊಂದು ಹೊರಗೊಂದು ಇದ್ದವನು. ಯೂಜೀನ್ ಹಾಗಲ್ಲ. ಸೇನಾ ಸರ್ಕಾರದ ವಿರುದ್ಧ ನಿಜ ಬರೆಯುವ ಏಕೈಕ ಪತ್ರಿಕೆ ಎಂಬಂಥದ್ದನ್ನು ನಡೆಸುತ್ತಾನೆ, ಲಂಚ ಮುಟ್ಟುವುದಿಲ್ಲ, ಊರವರಿಗೆಲ್ಲ ಕೈಯೆತ್ತಿ ಕೊಡುತ್ತಾನೆ, ಮನೆಯಲ್ಲಿ ಹೊಡೆಯುತ್ತಾನೆ. ಎಲ್ಲದರ ಹಿಂದೆಯೂ ಇರುವುದು ಒಂದೇ ನಂಬಿಕೆ, ಒಂದಿಷ್ಟೂ ಸಡಿಲವಿಲ್ಲದ ನಂಬಿಕೆ. ಕಪಟಿ ಎಂದು ಹಣೆಪಟ್ಟಿ ಹಚ್ಚಿದ ಕೂಡಲೇ ಓದುಗ ಸುರಕ್ಷಿತ ದಂಡೆಗೆ ಹೋಗಿ ಕುಳಿತಂತೆ. ಆ ಪದ ಬಳಸಿದವರು ಅದನ್ನು ಪಠ್ಯದ ಸಾಲಿನಿಂದ ಸಾಧಿಸಬೇಕು ಎಂಬ ನಿಯಮ ಮಾಡಿದ್ದೇನೆ. ಈವರೆಗೆ ಯಾರಿಗೂ ಆಗಿಲ್ಲ, ಒಬ್ಬಳು ಮಾತ್ರ ಹತ್ತಿರ ಬಂದಿದ್ದಳು: ಇಂಗ್ಲೆಂಡಿನಿಂದ ಬಂದ ಪಾದ್ರಿಯ ಎದುರು ಯೂಜೀನನ ಇಂಗ್ಲಿಷ್ ಉಚ್ಚಾರಣೆ ಬದಲಾಗುವ ಜಾಗವನ್ನು ತೋರಿಸಿದಳು. ಪೂರ್ತಿ ಅಂಕ ಕೊಟ್ಟೆ.

ಈ ಕಾದಂಬರಿಯಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದರ ತೂಕ ಹೆಚ್ಚು, ಹದಿಹರೆಯದವರಿಗೆ ಕಲಿಸಲು ಕಷ್ಟವೆನಿಸುವುದೂ ಅದೇ. ಬಿಯಾಟ್ರಿಸ್ ಗಾಜಿನ ಕಪಾಟಿನಲ್ಲಿರುವ ನರ್ತಕಿಯರ ಪುಟ್ಟ ಪಿಂಗಾಣಿ ಗೊಂಬೆಗಳನ್ನು ಒಂದೊಂದಾಗಿ, ನಿಧಾನವಾಗಿ ಒರೆಸುತ್ತಾಳೆ. ಯಾವಾಗ ಒರೆಸುತ್ತಾಳೆ? ಮಕ್ಕಳಿಗೆ ಮೊದಲ ಓದಿನಲ್ಲಿ ಕಾಣುವುದಿಲ್ಲ. ‘ಅಮ್ಮನಿಗೆ ಸ್ವಚ್ಛತೆ ಇಷ್ಟ’ ಎಂದು ಬರೆದವರುಂಟು. ಹಿಂದಿನ ಸಾಲುಗಳಿಗೆ ಹೋಗಿ, ಅಪ್ಪ ಅಮ್ಮನ ಕೋಣೆಯಿಂದ ಬಂದ ಸದ್ದನ್ನು, ಅವಳ ಊದಿದ ಕಣ್ಣಿಗೆ ಮಿತಿಮೀರಿ ಹಣ್ಣಾದ ಬೆಣ್ಣೆಹಣ್ಣಿನ ಬಣ್ಣ ಬಂದದ್ದನ್ನು ಸೇರಿಸಿ ಓದಿದಾಗ ಯಾರೋ ಒಬ್ಬರು ತಟ್ಟನೆ ತಲೆ ಎತ್ತುತ್ತಾರೆ. ಕಂಬಿಲಿ ಎರಡನ್ನೂ ಕಂಡಿದ್ದಾಳೆ, ಎರಡರ ನಡುವೆ ‘ಆದ್ದರಿಂದ’ ಎಂಬ ಪದ ಹಾಕಿಲ್ಲ. ಆ ‘ಆದ್ದರಿಂದ’ವನ್ನು ಓದುಗರೇ ಹಾಕಿಕೊಳ್ಳಬೇಕು. ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಜಾಜಾ ಚರ್ಚಿನಲ್ಲಿ ಪರಮಪ್ರಸಾದ ಸ್ವೀಕರಿಸದೆ ಬಂದಾಗ ಅಪ್ಪ ಎಸೆದ ಪೂಜಾ ಪುಸ್ತಕ ಆ ಗೊಂಬೆಗಳನ್ನು ಒಡೆಯುತ್ತದೆ. ಕಾದಂಬರಿ ಆರಂಭವಾಗುವುದೇ ಅಲ್ಲಿಂದ, ಹಾಗಾಗಿ ಒರೆಸುವ ಅಮ್ಮನನ್ನು ಅರ್ಥಮಾಡಿಕೊಳ್ಳದವರಿಗೆ ಆ ಚೂರುಗಳೂ ಬರೀ ಚೂರುಗಳೇ.

ಆ ಮೊದಲ ವಾಕ್ಯದಲ್ಲಿ ಇನ್ನೊಂದು ಗುಟ್ಟಿದೆ. ಮನೆಯಲ್ಲಿ ಎಲ್ಲವೂ ಕಳಚಿಬೀಳತೊಡಗಿತು ಎಂದು ಶುರುವಾಗುವ ಆ ಮಾತು ನೈಜೀರಿಯಾದವರೇ ಆದ ಚಿನುವ ಅಚಿಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಶೀರ್ಷಿಕೆಗೆ ನೇರವಾಗಿ ಕೈ ಚಾಚುತ್ತದೆ. ಅಡಿಚಿ ಬೆಳೆದದ್ದು ಎನ್ಸುಕ್ಕಾ ವಿಶ್ವವಿದ್ಯಾಲಯದ ಆವರಣದಲ್ಲಿ, ಹಿಂದೆ ಅಚಿಬೆ ವಾಸವಿದ್ದ ಮನೆಯಲ್ಲೇ. ಇದನ್ನು ಹೇಳಿದರೆ ಮಕ್ಕಳಿಗೆ ರೋಮಾಂಚನವಾಗುತ್ತದೆ, ನನಗೂ ಆಗುತ್ತದೆ.

ಎನ್ಸುಕ್ಕಾ ಬಂತೆಂದರೆ ಸೋದರತ್ತೆ ಇಫೆಯೋಮಾ ಬಂದಳು. ವಿಶ್ವವಿದ್ಯಾಲಯದ ಅಧ್ಯಾಪಕಿ, ವಿಧವೆ, ಮೂರು ಮಕ್ಕಳು, ಸಂಬಳ ಸರಿಯಾಗಿ ಬಾರದ ಕಾಲ, ಇಕ್ಕಟ್ಟಾದ ಫ್ಲ್ಯಾಟು, ತುಂಬ ನಗು. ಕಂಬಿಲಿಯ ಅಪ್ಪ ಮಕ್ಕಳಿಗೆ ವೇಳಾಪಟ್ಟಿ ಬರೆದುಕೊಟ್ಟಿರುತ್ತಾನೆ: ಓದು, ಪ್ರಾರ್ಥನೆ, ಊಟ, ನಿದ್ದೆ, ಗಂಟೆ ಗಂಟೆಗೂ ಗೆರೆ. ಇಫೆಯೋಮಾ ಅದನ್ನು ತೆಗೆದಿಟ್ಟುಕೊಂಡುಬಿಡುತ್ತಾಳೆ. ಈ ಭಾಗ ಓದಿದ ದಿನ ನಿಮ್ಮ ನಿಮ್ಮ ವೇಳಾಪಟ್ಟಿ ಬರೆಯಿರಿ, ನೀವೇ ಆರಿಸಿಕೊಂಡ ಗಂಟೆಗಳ ಕೆಳಗೆ ಗೆರೆ ಎಳೆಯಿರಿ ಎಂದೆ. ಹನ್ನೊಂದನೆಯ ತರಗತಿ, ಸಂಜೆ ಕೋಚಿಂಗ್, ಭಾನುವಾರ ಅಣಕು ಪರೀಕ್ಷೆ. ಹೆಚ್ಚಿನ ಹಾಳೆಗಳಲ್ಲಿ ಗೆರೆಯೇ ಇರಲಿಲ್ಲ. ನಾನು ಅದರ ಮೇಲೆ ಭಾಷಣ ಮಾಡಲಿಲ್ಲ, ಹಾಳೆಗಳನ್ನು ಅವರಿಗೇ ವಾಪಸು ಕೊಟ್ಟೆ. ಕಂಬಿಲಿ ತರಗತಿಗೆ ಎರಡನೆಯವಳಾಗಿ ಬಂದಾಗ ಅಪ್ಪ ಶಾಲೆಗೇ ಬಂದು, ಮೊದಲು ಬಂದ ಹುಡುಗಿಗೆ ಎಷ್ಟು ತಲೆಯಿದೆ, ನಿನಗೆಷ್ಟು ಎಂದು ಕನ್ನಡಿ ನೋಡಿ ಹೇಳಿಸುವ ಪ್ರಸಂಗಕ್ಕೆ ಆಮೇಲೆ ವಿವರಣೆಯೇ ಬೇಕಾಗಲಿಲ್ಲ.

ಇಗ್ಬೊ ಪದಗಳಿಗೆ ಅರ್ಥಕೋಶ ಕೊಡಿ ಎಂದು ಪ್ರತಿವರ್ಷ ಬೇಡಿಕೆ ಬರುತ್ತದೆ. ಕೊಡುವುದಿಲ್ಲ. ಇಫೆಯೋಮಾ ಕಂಬಿಲಿಯನ್ನು ‘ನ್ನೆ’ ಎಂದು ಕರೆಯುತ್ತಾಳೆ, ಆ ಪದದ ಅರ್ಥ ಅಮ್ಮ. ಹುಡುಗಿಯನ್ನು ಅಮ್ಮ ಎನ್ನುವುದೇಕೆ ಎಂದು ಇಂಗ್ಲಿಷಿನಲ್ಲಿ ಯೋಚಿಸುವವರು ತಡಬಡಾಯಿಸುತ್ತಾರೆ. ಮನೆಯಲ್ಲಿ ‘ಬಾಮ್ಮ, ಊಟ ಮಾಡಮ್ಮ’ ಎಂದು ಕರೆಸಿಕೊಂಡ ಹುಡುಗಿಗೆ ಅದರಲ್ಲಿ ತಿಳಿಯದಿರುವುದು ಏನೂ ಇಲ್ಲ. ಯೂಜೀನ್ ಮಕ್ಕಳು ಹೊರಗೆ ಇಂಗ್ಲಿಷನ್ನೇ ಆಡಬೇಕೆನ್ನುತ್ತಾನೆ, ಕೋಪ ನೆತ್ತಿಗೇರಿದಾಗ ಅವನ ಬಾಯಿಂದ ಬರುವುದು ಇಗ್ಬೊ. ಕನ್ನಡ ಮಾತಾಡಿದ್ದಕ್ಕೆ ಶಾಲೆಯಲ್ಲಿ ದಂಡ ಕಟ್ಟಿದ ತಲೆಮಾರಿನವಳು ನಾನು. ಇದನ್ನು ಪಾಠ ಮಾಡುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಮಕ್ಕಳು ಗುರುತಿಸಿದ್ದಾರೆ.

ಇಡೀ ಪುಸ್ತಕದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಅಜ್ಜನ ಬೆಳಗಿನ ಪ್ರಾರ್ಥನೆಗೆ. ಅತ್ತೆ ಕಂಬಿಲಿಯನ್ನು ನಸುಕಿನಲ್ಲೇ ಎಬ್ಬಿಸಿ ಮರೆಯಿಂದ ನೋಡಲು ಹೇಳುತ್ತಾಳೆ. ‘ಅನ್ಯಧರ್ಮದವನು’ ಎಂದು ಅಪ್ಪ ಕ್ರಿಸ್‌ಮಸ್ಸಿನಲ್ಲಿ ಹದಿನೈದೇ ನಿಮಿಷ ಭೇಟಿಗೆ ಬಿಡುತ್ತಿದ್ದ ಆ ಮುದುಕ ನೆಲದ ಮೇಲೆ ಸೀಮೆಸುಣ್ಣದಂಥ ಬಿಳಿ ಮಣ್ಣಿನಿಂದ ಗೆರೆ ಎಳೆಯುತ್ತ, ತಾನು ಯಾರಿಗೂ ಕೆಡುಕು ಮಾಡಿಲ್ಲ ಎಂದು ದೇವರಿಗೆ ಒಪ್ಪಿಸುತ್ತಾನೆ. ತನ್ನನ್ನು ದೂರವಿಟ್ಟ ಮಗನಿಗಾಗಿಯೂ ಬೇಡಿಕೊಳ್ಳುತ್ತಾನೆ. ಮುಗಿಸಿದಾಗ ಅವನ ಮುಖದಲ್ಲಿ ನಗುವಿರುತ್ತದೆ. ತಮ್ಮ ಮನೆಯಲ್ಲಿ ಜಪಸರ ಮುಗಿದ ಮೇಲೆ ಯಾರೂ ನಕ್ಕಿದ್ದಿಲ್ಲ ಎಂದು ಕಂಬಿಲಿಗೆ ಹೊಳೆಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ತರಗತಿಯಲ್ಲಿ ಕ್ರೈಸ್ತ ಮಕ್ಕಳಿರುತ್ತಾರೆ, ಇದು ಅವರ ಧರ್ಮದ ಮೇಲಿನ ಆರೋಪಪಟ್ಟಿ ಎಂಬ ಭಾವನೆ ಬರಬಾರದು. ಇಗ್ಬೊ ಹಾಡು ಹಾಡುತ್ತ, ಮಕ್ಕಳೊಡನೆ ಫುಟ್‌ಬಾಲ್ ಆಡುವ ಫಾದರ್ ಅಮಾದಿ ಕೂಡ ಪಾದ್ರಿಯೇ, ಗಟ್ಟಿಯಾಗಿ ನಗುವ ಇಫೆಯೋಮಾ ಕೂಡ ಕ್ಯಾಥೊಲಿಕಳೇ. ಕಂಬಿಲಿಗೆ ಅಮಾದಿಯ ಮೇಲೆ ಮೂಡುವ ಒಲವಿನ ಬಗ್ಗೆ ಪೋಷಕರಿಗೆ ಮೊದಲೇ ಪತ್ರ ಬರೆದು ತಿಳಿಸುತ್ತೇನೆ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಇದು ಮೇಲು.

ಪತ್ರದಲ್ಲಿ ಬರೆಯದ ಸಂಗತಿ ಇನ್ನೊಂದಿದೆ. ಮೂವತ್ತು ಮಕ್ಕಳಿರುವ ಕೋಣೆಯಲ್ಲಿ ಯಾವುದೋ ಒಂದು ಮನೆ ಕಂಬಿಲಿಯ ಮನೆಯಂತೆಯೇ ಇರಬಹುದು. ಅದಕ್ಕೇ ‘ನಿಮ್ಮ ಅನುಭವ ಬರೆಯಿರಿ’ ಎಂಬ ಮನೆಗೆಲಸವನ್ನು ನಾನು ಎಂದೂ ಕೊಡುವುದಿಲ್ಲ. ಪಾದ ಸುಡುವ ಪುಟಗಳನ್ನು ಗಟ್ಟಿಯಾಗಿ ಓದಿಸುವುದಿಲ್ಲ, ಹಿಂದಿನ ದಿನವೇ ಎಚ್ಚರಿಕೆ ಹೇಳಿರುತ್ತೇನೆ, ಆಪ್ತಸಮಾಲೋಚಕರಿಗೆ ಯಾವ ವಾರ ಯಾವ ಅಧ್ಯಾಯ ಎಂದು ತಿಳಿಸಿರುತ್ತೇನೆ. ಫಲಕದ ಮೂಲೆಯಲ್ಲಿ ಮಕ್ಕಳ ಸಹಾಯವಾಣಿ 1098 ವರ್ಷವಿಡೀ ಇರುತ್ತದೆ. ಯಾರಾದರೂ ಬಂದು ‘ಮಿಸ್, ಯಾರಿಗೂ ಹೇಳಬೇಡಿ’ ಎಂದು ಮಾತು ಶುರು ಮಾಡಿದರೆ, ಹೇಳಲೇಬೇಕಾದುದನ್ನು ಹೇಳಬೇಕಾದವರಿಗೆ ಹೇಳುತ್ತೇನೆ ಎಂದು ಮೊದಲೇ ತಿಳಿಸಿ ಆಮೇಲೆ ಕೇಳಿಸಿಕೊಳ್ಳುತ್ತೇನೆ.

ನಾಲ್ಕನೆಯ ವಾರ, ಭೂಪಟ. ಯೂಜೀನನ ಪತ್ರಿಕೆಯ ಸಂಪಾದಕ ಅಡೆ ಕೋಕರ್ ಪಾರ್ಸೆಲ್ ಬಾಂಬಿಗೆ ಸಿಕ್ಕಿ ಸಾಯುವ ಅಧ್ಯಾಯ ಅದು. 1986ರ ಅಕ್ಟೋಬರ್ 19ರಂದು ಲಾಗೋಸ್‌ನಲ್ಲಿ ಪತ್ರಕರ್ತ ಡೆಲೆ ಗಿವಾ ಹೀಗೆಯೇ ಪಾರ್ಸೆಲ್ ಬಾಂಬಿಗೆ ಬಲಿಯಾದದ್ದನ್ನು ಆಗ ಹೇಳುತ್ತೇನೆ. ಅಷ್ಟರಲ್ಲಿ ಮಕ್ಕಳಿಗೆ ಅಡೆ ಕೋಕರನ ಹೆಂಡತಿ ಮಕ್ಕಳು ಗೊತ್ತು, ಅವನ ನಗೆಚಾಟಿಕೆ ಗೊತ್ತು. ಇತಿಹಾಸ ಈಗ ಅವರಿಗೆ ನೋಯುತ್ತದೆ.

ಕೊನೆಯ ಭಾಗದಲ್ಲಿ ಜಗಳ ಖಚಿತ. ಅಮ್ಮನ ಅಪರಾಧವನ್ನು ಹೊತ್ತ ಜಾಜಾ ಜೈಲಿನಲ್ಲಿದ್ದಾನೆ, ಇನ್ನೇನು ಬಿಡುಗಡೆ. ಕಂಬಿಲಿ ಪ್ರತಿ ಭಾನುವಾರ ಅಪ್ಪನ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆ ಮಾಡಿಸುತ್ತಾಳೆ, ಅವನು ಕನಸಿನಲ್ಲಿ ಬರಲೆಂದು ಹಂಬಲಿಸುತ್ತಾಳೆ, ಅದನ್ನು ಅಣ್ಣನಿಗೆ ಹೇಳಿಲ್ಲ. ಪ್ರತಿವರ್ಷ ಯಾರಾದರೊಬ್ಬರು ಪುಸ್ತಕವನ್ನು ಮೇಜಿಗೆ ಕುಕ್ಕಿ ಕೇಳುತ್ತಾರೆ: ಇಷ್ಟೆಲ್ಲ ಆದ ಮೇಲೂ ಏಕೆ, ಮಿಸ್? ನಾನು ಉತ್ತರ ಹೇಳುವುದಿಲ್ಲ. ಚಹಾದ ಪುಟ ತೆಗೆದು ಗಟ್ಟಿಯಾಗಿ ಓದು ಎನ್ನುತ್ತೇನೆ. ಮೊದಲ ದಿನ ಅದನ್ನು ದೂರು ಎಂದು ವಾದಿಸಿದವರ ಕೈಯಲ್ಲೇ ಓದಿಸುತ್ತೇನೆ.