ಲಂಡನ್‌ನಲ್ಲಿ ನಾವಿಬ್ಬರೇ ಟ್ಯಾಕ್ಸಿ ಹತ್ತಬಹುದಾ?

ಪ್ರಶ್ನೆ: ನಮ್ಮ ಮಗಳು ದಾವಣಗೆರೆಯಲ್ಲೇ ಎಂಬಿಬಿಎಸ್ ಓದಿ ಈಗ ಲಂಡನ್‌ನಲ್ಲಿ ಡಾಕ್ಟರ್ ಆಗಿದ್ದಾಳೆ. ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಮೊದಲ ಸಲ ಅವಳ ಹತ್ತಿರ ಹೋಗುತ್ತಿದ್ದೇವೆ. ಬೆಳಿಗ್ಗೆ ಡ್ಯೂಟಿಗೆ ಹೋದರೆ ಅವಳು ಬರುವುದು ರಾತ್ರಿ. ನನಗೆ ಮಂಡಿ ನೋವು, ಮೆಟ್ಟಿಲು ಹತ್ತಿ ಇಳಿಯಲು ಆಗುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ನಾವಿಬ್ಬರೇ ಟ್ಯಾಕ್ಸಿ ಹಿಡಿದು ಓಡಾಡಬಹುದಾ? ಮೋಸ ಹೋಗುತ್ತೇವೇನೋ ಅಂತ ಭಯ.
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಓಡಾಡಬಹುದು ಅಮ್ಮ, ಧೈರ್ಯವಾಗಿ ಓಡಾಡಿ. ನಮ್ಮದು ಮೆಡಿಕಲ್ ಕಾಲೇಜುಗಳ ಊರು. ಇಲ್ಲಿ ಓದಿ ಇಂಗ್ಲೆಂಡಿಗೆ ಹೋದ ಮಕ್ಕಳು ತುಂಬಾ ಜನ ಇದ್ದಾರೆ. ಅವರ ಅಪ್ಪ ಅಮ್ಮಂದಿರು ಆರು ತಿಂಗಳ ವೀಸಾ ಮಾಡಿಸಿಕೊಂಡು ಹೋಗುತ್ತಾರೆ. ಹೋದವರಲ್ಲಿ ಎಷ್ಟೋ ಜನ ಮಗಳ ಮನೆಯ ಕಿಟಕಿ ಪಕ್ಕ ಕೂತು ಮಳೆ ನೋಡಿ, ಅಡುಗೆ ಮಾಡಿಟ್ಟು ವಾಪಸ್ ಬರುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದೂರ ಹೋಗಿ ಊರು ನೋಡದೆ ಬರುವುದು ಬೇಡ.

ನೀವು ಮೊದಲು ತಿಳಿಯಬೇಕಾದದ್ದು ಒಂದೇ. ಲಂಡನ್‌ನಲ್ಲಿ ಬಾಡಿಗೆ ಕಾರುಗಳು ಎರಡು ಜಾತಿ. ರಸ್ತೆಯಲ್ಲಿ ಕೈ ತೋರಿಸಿ ಹತ್ತುವುದು ಒಂದು, ಮೊದಲೇ ಬುಕ್ ಮಾಡಿ ಹತ್ತುವುದು ಇನ್ನೊಂದು. ಇದು ಬರೀ ರೂಢಿ ಅಲ್ಲ, ಅಲ್ಲಿನ ಕಾನೂನು. ಹೊಸಬರು ಮೋಸ ಹೋಗುವುದು ಹೆಚ್ಚಾಗಿ ಈ ಎರಡನ್ನು ಕಲಸಿಕೊಂಡಾಗ.

ಕೈ ತೋರಿಸಿ ಹತ್ತುವುದು ‘ಬ್ಲ್ಯಾಕ್ ಕ್ಯಾಬ್’. ಹೆಸರು ಹಾಗಿದ್ದರೂ ಎಲ್ಲವೂ ಕಪ್ಪಲ್ಲ, ಮೈತುಂಬ ಜಾಹೀರಾತು ಅಂಟಿಸಿಕೊಂಡವೂ ಇವೆ. ಗುರುತು ಹಿಡಿಯಲು ಆಕಾರ ನೋಡಿ. ಎತ್ತರದ ಗುಂಡನೆಯ ಗಾಡಿ, ತಲೆ ಮೇಲೆ ‘ಟ್ಯಾಕ್ಸಿ’ ಎಂದು ಬರೆದ ಕಿತ್ತಳೆ ಬಣ್ಣದ ದೀಪ. ದೀಪ ಹೊತ್ತಿದ್ದರೆ ಖಾಲಿ ಇದೆ ಅಂತ, ಆರಿದ್ದರೆ ಜನ ಇದ್ದಾರೆ ಅಂತ. ನಮ್ಮ ಹಾಗೇ ಅಲ್ಲೂ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ. ಫುಟ್‌ಪಾತ್ ಅಂಚಿನಲ್ಲಿ ನಿಂತು ಕೈ ಚಾಚಿ. ನಿಂತ ಮೇಲೆ ಮುಂದಿನ ಕಿಟಕಿ ಹತ್ತಿರ ಹೋಗಿ ಎಲ್ಲಿಗೆ ಅಂತ ಹೇಳಿ, ಆಮೇಲೆ ಹಿಂದೆ ಹತ್ತಿ. ಪ್ಯಾಡಿಂಗ್ಟನ್, ಕಿಂಗ್ಸ್ ಕ್ರಾಸ್, ವಾಟರ್‌ಲೂ ತರಹದ ದೊಡ್ಡ ರೈಲ್ವೆ ಸ್ಟೇಷನ್‌ಗಳಲ್ಲಿ ಟ್ಯಾಕ್ಸಿ ಸ್ಟ್ಯಾಂಡೇ ಇರುತ್ತದೆ. ಸಾಲಿನಲ್ಲಿ ನಿಂತರೆ ಆಯಿತು.

ನಮ್ಮ ರೈಲ್ವೆ ಸ್ಟೇಷನ್ ಮುಂದೆ ಆಟೊದವರು ನೂರೈವತ್ತು ಅಂದರೆ ನಾವು ನೂರು ಅಂತ ಎಳೆದಾಡುತ್ತೇವಲ್ಲ, ಅಲ್ಲಿ ಆ ಕೆಲಸ ಇಲ್ಲ. ಬ್ಲ್ಯಾಕ್ ಕ್ಯಾಬ್‌ನಲ್ಲಿ ಮೀಟರ್ ಹಾಕಲೇಬೇಕು. ದರ ನಿಗದಿ ಮಾಡುವುದು ಊರಿನ ಸಾರಿಗೆ ಇಲಾಖೆ, ಡ್ರೈವರ್ ಅಲ್ಲ. ಲಗೇಜಿಗೆ ಬೇರೆ ದುಡ್ಡಿಲ್ಲ, ಇನ್ನೊಬ್ಬರು ಜಾಸ್ತಿ ಕೂತರೂ ಬೇರೆ ದುಡ್ಡಿಲ್ಲ. ಒಮ್ಮೆ ನಿಲ್ಲಿಸಿದ ಮೇಲೆ, ಲಂಡನ್ ಒಳಗೆ 12 ಮೈಲಿವರೆಗಿನ ದಾರಿಗೆ ಸರಿಯಾದ ಕಾರಣ ಇಲ್ಲದೆ ‘ಆ ಕಡೆ ಬರಲ್ಲ’ ಅನ್ನುವಂತಿಲ್ಲ. ಮೀಟರ್ ಮಾತ್ರ ದೂರಕ್ಕೂ ಓಡುತ್ತದೆ, ಹೊತ್ತಿಗೂ ಓಡುತ್ತದೆ. ಟ್ರಾಫಿಕ್‌ನಲ್ಲಿ ಗಾಡಿ ನಿಂತಿದ್ದಾಗಲೂ ಅಂಕಿ ಏರುವುದು ನೋಡಿ ಗಾಬರಿ ಆಗಬೇಡಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಮತ್ತು ಸರ್ಕಾರಿ ರಜೆಯ ದಿನ ದರ ಎಲ್ಲಕ್ಕಿಂತ ಹೆಚ್ಚು. ವಾರದ ದಿನಗಳ ಹಗಲಿನಲ್ಲಿ ಎಲ್ಲಕ್ಕಿಂತ ಕಡಿಮೆ. ನೀವು ಓಡಾಡುವುದೂ ಅದೇ ಹೊತ್ತಲ್ಲಿ ಅಲ್ವಾ, ಒಳ್ಳೆಯದಾಯಿತು.

ಈ ಡ್ರೈವರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನನಗೆ ಇವರ ಮೇಲೆ ತುಂಬಾ ಗೌರವ. ಲೈಸೆನ್ಸ್ ಸಿಗಬೇಕಾದರೆ ಇವರು ‘ದಿ ನಾಲೆಡ್ಜ್’ ಅನ್ನುವ ಪರೀಕ್ಷೆ ಪಾಸಾಗಬೇಕು. 1865ರಿಂದ ನಡೆದುಬಂದ ಪರೀಕ್ಷೆ ಇದು. ಊರಿನ ನಡುವಿನ ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಗೆ ಬರಬೇಕು. ಆಸ್ಪತ್ರೆ, ಚರ್ಚ್, ಹೋಟೆಲ್, ಥಿಯೇಟರ್ ಎಲ್ಲಿವೆ ಅಂತಲೂ ಗೊತ್ತಿರಬೇಕು. ಕಲಿಯುವವರು ಮೂರು ನಾಲ್ಕು ವರ್ಷ ಮಳೆ ಚಳಿ ಅನ್ನದೆ ಸಣ್ಣ ಸ್ಕೂಟರ್ ಮೇಲೆ, ಮುಂದೆ ನಕ್ಷೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಾರೆ. ಆಮೇಲೆ ಪರೀಕ್ಷಕರ ಎದುರು ಕೂತು, ಇಲ್ಲಿಂದ ಅಲ್ಲಿಗೆ ಹೇಗೆ ಹೋಗುತ್ತೀಯ ಅಂದರೆ ಎಡ, ಬಲ ಎಲ್ಲ ನೆನಪಿನಿಂದಲೇ ಒಪ್ಪಿಸಬೇಕು. 2000ನೇ ಇಸವಿಯಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಎಲೀನರ್ ಮ್ಯಾಗ್ವೈರ್ ಮತ್ತು ಅವರ ಜೊತೆಗಾರರು ಇವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಹಿಪ್ಪೊಕ್ಯಾಂಪಸ್ ಅನ್ನುವ ಭಾಗ, ದಾರಿ ನೆನಪಿಟ್ಟುಕೊಳ್ಳಲು ಬೇಕಾದದ್ದು, ಅದರ ಹಿಂಭಾಗ ಇವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಮಗಳನ್ನು ಕೇಳಿ, ಅವಳು ಓದಿರಬಹುದು.

ನಿಮ್ಮ ಮಂಡಿಗೆ ಈ ಗಾಡಿ ಒಳ್ಳೆಯದು. ಮೈ ಜಾಸ್ತಿ ಬಗ್ಗಿಸದೆ ಒಳಗೆ ಹೋಗಬಹುದು, ಕಾಲು ಚಾಚಲು ಜಾಗ ಇದೆ. ವ್ಹೀಲ್‌ಚೇರ್ ಹತ್ತಿಸುವ ರ‍್ಯಾಂಪ್ ಎಲ್ಲ ಬ್ಲ್ಯಾಕ್ ಕ್ಯಾಬ್‌ನಲ್ಲೂ ಇರುತ್ತದೆ, ಅದಕ್ಕೆ ಹೆಚ್ಚಿಗೆ ಕೇಳುವಂತಿಲ್ಲ. ಹತ್ತಲು ಕಷ್ಟ ಅನ್ನಿಸಿದರೆ ಸಂಕೋಚ ಬೇಡ, ಡ್ರೈವರ್‌ಗೆ ಹೇಳಿ. ಗಾಡಿ ಹೊರಟ ಮೇಲೆ ಬಾಗಿಲು ತಾನಾಗಿ ಲಾಕ್ ಆಗುತ್ತದೆ. ಅದು ಸುರಕ್ಷತೆಗೆ, ಹೆದರಬೇಡಿ.

ಇನ್ನು ಎರಡನೇ ಜಾತಿ, ‘ಮಿನಿಕ್ಯಾಬ್’. ನೋಡಲು ನಮ್ಮ ನಿಮ್ಮ ಮನೆಯ ಕಾರಿನ ಹಾಗೇ ಇರುತ್ತದೆ. ಊಬರ್, ಬೋಲ್ಟ್ ಕಾರುಗಳೂ ಕಾನೂನಿನಲ್ಲಿ ಇದೇ ಗುಂಪಿಗೆ ಸೇರುತ್ತವೆ. ಆ್ಯಪ್‌ನಲ್ಲೋ ಫೋನಿನಲ್ಲೋ ಮೊದಲೇ ಬುಕ್ ಮಾಡಿದರೆ ಇವೂ ಒಳ್ಳೆಯವೇ. ದುಡ್ಡೆಷ್ಟು ಅಂತ ಮೊದಲೇ ಗೊತ್ತಾಗುತ್ತದೆ, ಎಷ್ಟೋ ಸಲ ಬ್ಲ್ಯಾಕ್ ಕ್ಯಾಬ್‌ಗಿಂತ ಅಗ್ಗ. ಆದರೆ ರಸ್ತೆಯಲ್ಲಿ ನಿಂತು ‘ಬನ್ನಿ ಬನ್ನಿ’ ಅಂತ ಕರೆಯುವ ಹಕ್ಕು ಇವಕ್ಕಿಲ್ಲ. ಬುಕ್ ಮಾಡದೆ ಹತ್ತಿದರೆ ನಿಮಗೆ ವಿಮೆಯ ರಕ್ಷಣೆಯೂ ಇರುವುದಿಲ್ಲ.

ನಾನು ಇದನ್ನು ಪೆಟ್ಟು ತಿಂದು ಕಲಿತೆ. ಒಂದು ರಾತ್ರಿ ನಾನೂ ನಮ್ಮ ಅಕ್ಕನೂ ನಾಟಕ ನೋಡಿ ಹೊರಗೆ ಬಂದೆವು. ಜಿಟಿಜಿಟಿ ಮಳೆ. ಒಬ್ಬ ಬಂದು ‘ಟ್ಯಾಕ್ಸಿ?’ ಅಂತ ಮೆಲ್ಲಗೆ ಕೇಳಿದ. ಮರ್ಯಾದಸ್ಥನ ಹಾಗೆ ಕಂಡ, ಹತ್ತಿದೆವು. ಮೀಟರ್ ಇಲ್ಲ, ರಸೀದಿ ಇಲ್ಲ. ಹತ್ತು ನಿಮಿಷದ ದಾರಿಗೆ ನಲವತ್ತು ಪೌಂಡ್ ಕೇಳಿದ. ಕೊಟ್ಟು ಇಳಿದೆವು. ಹಣ ಹೋದದ್ದಕ್ಕಿಂತ, ಆ ಹತ್ತು ನಿಮಿಷ ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳಲ್ಲ, ಅದು ಈಗಲೂ ಕಣ್ಣಮುಂದಿದೆ. ಆದ್ದರಿಂದ ತಾನಾಗಿ ಬಂದು ಕರೆಯುವವರ ಕಾರು ಹತ್ತಲೇಬೇಡಿ, ಏರ್‌ಪೋರ್ಟ್‌ನಲ್ಲೂ ಅಷ್ಟೇ. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ನಂಬರ್ ಪ್ಲೇಟ್ ನೋಡಿ. ಡ್ರೈವರ್ ನಿಮ್ಮ ಹೆಸರು ಹೇಳಲಿ, ನೀವಾಗಿ ಹೇಳಬೇಡಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಟ್ಯಾಕ್ಸಿ ಅಲ್ಲಿ ದುಬಾರಿ. ಬ್ಲ್ಯಾಕ್ ಕ್ಯಾಬ್‌ನಲ್ಲಿ ಹಗಲು ಹೊತ್ತು ಒಂದು ಮೈಲಿಗೇ ಹತ್ತು ಪೌಂಡ್ ಆಸುಪಾಸು ಆಗುತ್ತದೆ, ಒಂದು ಪೌಂಡ್ ಅಂದರೆ ನೂರು ರೂಪಾಯಿಗಿಂತ ಜಾಸ್ತಿ. ಹೀಥ್ರೂ ಏರ್‌ಪೋರ್ಟ್‌ನಿಂದ ಊರ ನಡುವಿಗೆ ನೂರು ಪೌಂಡ್ ಮುಟ್ಟಬಹುದು. ಹಾಗಾಗಿ ಇಡೀ ದಾರಿಗೆ ಟ್ಯಾಕ್ಸಿ ಬೇಡ, ಕಷ್ಟದ ತುಂಡಿಗೆ ಮಾತ್ರ ಇರಲಿ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲು ಹೀಥ್ರೂನಿಂದಲೇ ಹೊರಡುತ್ತದೆ. ಅದರ 41 ಸ್ಟೇಷನ್‌ಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರಂವರೆಗೆ ಮೆಟ್ಟಿಲಿಲ್ಲದ ದಾರಿ ಇದೆ, ಲಿಫ್ಟ್ ಬೇಕಾದ ಕಡೆ ಲಿಫ್ಟ್ ಇದೆ. ಹಳೆಯ ಟ್ಯೂಬ್, ಅಂದರೆ ನೆಲದಡಿಯ ರೈಲಿನ ಸ್ಟೇಷನ್, ಎಷ್ಟೋ ಕಡೆ ಹಾಗಿಲ್ಲ. ರೈಲಿನಲ್ಲಿ ಹತ್ತಿರದವರೆಗೆ ಹೋಗಿ, ಕೊನೆಯ ಒಂದೆರಡು ಮೈಲಿಗೆ ಟ್ಯಾಕ್ಸಿ ಹಿಡಿಯಿರಿ.

ದುಡ್ಡು ಕೊಡುವುದು ಸುಲಭ. 2016ರ ಅಕ್ಟೋಬರ್ ಕೊನೆಯಿಂದ ಎಲ್ಲ ಬ್ಲ್ಯಾಕ್ ಕ್ಯಾಬ್‌ನಲ್ಲೂ ಕಾರ್ಡ್ ತೆಗೆದುಕೊಳ್ಳಲೇಬೇಕು. ಆದರೆ ನಮ್ಮ ಬ್ಯಾಂಕಿನ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಬಂದ್ ಇರುತ್ತದೆ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ. ಇಲ್ಲಿ ಸೊಪ್ಪಿನವರಿಗೂ ಫೋನಿನಲ್ಲಿ ಕೊಡುವ ಅಭ್ಯಾಸ ನಮಗೆ, ಅಲ್ಲಿ ಟ್ಯಾಕ್ಸಿಗೆ ಆ ಯುಪಿಐ ನಂಬಿಕೊಳ್ಳಬೇಡಿ. ಟಿಪ್ಸ್ ಕಡ್ಡಾಯ ಅಲ್ಲ, ಹೆಚ್ಚಿನವರು ಚಿಲ್ಲರೆ ಬಿಟ್ಟು ಇಳಿಯುತ್ತಾರೆ. ರಸೀದಿ ಮಾತ್ರ ಕೇಳಿ ಪಡೆಯಿರಿ. ಛತ್ರಿ, ಚೀಲ ಮರೆತರೆ ಹುಡುಕಲು ಅದೇ ಬೇಕು.

ಇಂಗ್ಲಿಷ್ ಬಗ್ಗೆ ಹೇಳಿದಿರಿ. ಅಲ್ಲಿನ ಡ್ರೈವರ್‌ಗಳಲ್ಲಿ ಕೆಲವರು ಬೇಗ ಮಾತಾಡುತ್ತಾರೆ, ಪದದ ನಡುವಿನ ‘ಟಿ’ ನುಂಗುತ್ತಾರೆ. ಇಂಗ್ಲಿಷ್ ಮೇಷ್ಟ್ರುಗಳಿಗೂ ಮೊದಲ ದಿನ ಅರ್ಥವಾಗುವುದಿಲ್ಲ. ಅದಕ್ಕೆ ಚೀಟಿ ಇಟ್ಟುಕೊಳ್ಳಿ. ಮಗಳ ಮನೆ ವಿಳಾಸ, ಕೆಳಗೆ ಪೋಸ್ಟ್‌ಕೋಡ್, ಅವಳ ನಂಬರ್. ನಮ್ಮ ಪಿನ್‌ಕೋಡ್ ಒಂದು ಇಡೀ ಬಡಾವಣೆಗೆ ಸಾಕಾಗುತ್ತದೆ. ಅಲ್ಲಿನ ಪೋಸ್ಟ್‌ಕೋಡ್ ಒಂದಕ್ಕೆ ಸರಾಸರಿ ಹದಿನೈದು ಮನೆ ಅಷ್ಟೇ. ಅದೊಂದು ಸರಿ ಇದ್ದರೆ ಬೀದಿಯ ಸರಿಯಾದ ತುಂಡಿಗೇ ತಂದು ಬಿಡುತ್ತಾರೆ.

ಮೊದಲ ದಿನ ಎಲ್ಲಿಗೆ ಹೋಗುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಸವಣ್ಣನವರ ಹತ್ತಿರ ಹೋಗಿ. ಥೇಮ್ಸ್ ನದಿಯ ದಂಡೆಯಲ್ಲಿ, ಆಚೆ ದಡದ ಪಾರ್ಲಿಮೆಂಟ್ ಕಾಣುವ ಹಾಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನುವ ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಕಲಬುರ್ಗಿ ಕಡೆಯವರಾದ, ಲಂಡನ್‌ನ ಲ್ಯಾಂಬೆತ್ ಅನ್ನುವ ಭಾಗದ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್ ಅವರ ಶ್ರಮದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪ ಕಟ್ಟಿದವರು ಆ ಪಾರ್ಲಿಮೆಂಟಿನ ಎದುರು ಇರುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಡ್ರೈವರ್‌ಗೆ ಬಸವೇಶ್ವರ ಅಂದರೆ ಗೊತ್ತಾಗದೆ ಹೋಗಬಹುದು. ‘ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್, ಲ್ಯಾಂಬೆತ್ ಬ್ರಿಡ್ಜ್ ಹತ್ತಿರ’ ಅನ್ನಿ, ಸಾಕು. ಅಲ್ಲಿ ಸ್ವಲ್ಪ ಹೊತ್ತು ಕೂತು, ಹೊಳೆ ನೋಡಿ, ಕತ್ತಲಾಗುವ ಮೊದಲು ಅದೇ ರಸ್ತೆಯ ಅಂಚಿಗೆ ಬಂದು ನಿಲ್ಲಿ. ಕಿತ್ತಳೆ ದೀಪ ಹೊತ್ತಿರುವ ಗಾಡಿ ಬಂದಾಗ ಯಜಮಾನರು ಕೈ ಚಾಚಲಿ, ಚೀಟಿ ನೀವು ತೋರಿಸಿ.